ಮಗಳಿಗೆ ಮಲ್ಲಿಗೆ ಇಷ್ಟ ಎಂದು ಬರೆಸಿದೆ

ಮಗಳು ಹುಟ್ಟಿದ ಮೇಲೆ ನಾನು ಹೋದ ಮದುವೆಗಳು ಬಹಳ. ತಾಳಿ ಕಟ್ಟುವುದನ್ನು ಮಾತ್ರ ಒಂದರಲ್ಲೂ ನೋಡಿಲ್ಲ. ವಾಲಗದವರು ಜೋರು ಹಿಡಿಯುವ ಹೊತ್ತಿಗೆ ನಾನು ಅವಳ ಕೈ ಹಿಡಿದುಕೊಂಡು ಹೊರಗೆ ಚಪ್ಪಲಿ ಹುಡುಕುತ್ತಿರುತ್ತೇನೆ. ಪುರಾಣ ಕೇಳಲು ಹೋದರೂ ಅಷ್ಟೇ. ರಾಕ್ಷಸ ಹುಟ್ಟಿ ವರ ಪಡೆಯುವವರೆಗೆ ಕೇಳಿದ್ದೇನೆ, ಸತ್ತದ್ದನ್ನು ಕೇಳಿಲ್ಲ. ನನ್ನ ಪಾಲಿಗೆ ಎಲ್ಲ ರಾಕ್ಷಸರೂ ಇವತ್ತಿಗೂ ಗಟ್ಟಿಮುಟ್ಟಾಗಿದ್ದಾರೆ. ಗುಡಿಯಲ್ಲಿ ಗಂಟೆ ಬಾರಿಸುವುದಕ್ಕೆ ಮುಂಚೆಯೇ ಕೈಮುಗಿದು ಬಂದುಬಿಡುತ್ತೇವೆ. ದೇವರು ಅದನ್ನು ಮನಸ್ಸಿಗೆ ಹಚ್ಚಿಕೊಂಡಂತೆ ಕಾಣುವುದಿಲ್ಲ. ಅದೊಂದು ದೊಡ್ಡ ಉಪಕಾರ.

ನನ್ನ ಮಗಳಿಗೆ ಈಗ ಹತ್ತೊಂಬತ್ತು. ಆಟಿಸಂ ಎಂದು ಡಾಕ್ಟರು ಹೇಳಿದಾಗ ಅವಳಿಗೆ ನಾಲ್ಕು ವರ್ಷ. ಮಾತು ಕಡಿಮೆ, ಕಿವಿ ಮೂಗು ಬಲು ಚುರುಕು. ನಮಗೆ ಒಂದು ಗಂಟೆ ಕೇಳಿಸಿದರೆ ಅವಳಿಗೆ ಹತ್ತು ಕೇಳಿಸುತ್ತದೆ. ಕುಕ್ಕರಿನ ಸೀಟಿ ಅವಳಿಗೆ ಆಗುವುದಿಲ್ಲ ಎಂದು ನಾನು ಬೇಳೆಯನ್ನು ಪಾತ್ರೆಯಲ್ಲೇ ಬೇಯಿಸುತ್ತೇನೆ. ನಮ್ಮ ಮನೆಯ ಕುಕ್ಕರು ಮಾಳಿಗೆಯ ಮೇಲೆ ಕೊತ್ತಂಬರಿ ಬೆಳೆದುಕೊಂಡು ಸುಖವಾಗಿದೆ. ಸಾಕಾದಾಗ ಅವಳು ಒಂದೇ ಮಾತು ಹೇಳುತ್ತಾಳೆ: “ಮನಿ.” ಒಂದು ಸಲ ಅಂದರೆ ನೀರು ಕುಡಿಯುವಷ್ಟು ಸಮಯವಿದೆ. ಎರಡು ಸಲ ಅಂದರೆ ಏಳಬೇಕು. ಮೂರನೆಯ ಸಲ ಅನ್ನುವುದೇ ಇಲ್ಲ, ಅಷ್ಟರಲ್ಲಿ ಅವಳು ರಸ್ತೆಯಲ್ಲಿರುತ್ತಾಳೆ.

ಮದುವೆ ಮಾಡಬೇಕು, ನೌಕರಿ ಕೊಡಿಸಬೇಕು ಎಂಬ ಆಸೆಗಳನ್ನು ನಾನು ದೇವರ ಮುಂದೆ ಎಂದೂ ಇಟ್ಟಿಲ್ಲ. ಒಂದೇ ಒಂದು ಕೇಳುತ್ತಿದ್ದೆ. ಏನಾದರೊಂದನ್ನು, ಯಾವುದಾದರೂ ಸರಿ, ನನ್ನ ಮಗಳು ಮುಗಿಯುವವರೆಗೆ ಕೂತು ನೋಡಬೇಕು, ಪಕ್ಕದಲ್ಲಿ ನಾನೂ ಕೂತಿರಬೇಕು. ಸೋಮವಾರ ಸೋಮವಾರ ಒಪ್ಪತ್ತು ಉಂಡು ಇಷ್ಟು ಸಣ್ಣದನ್ನು ಕೇಳುವುದಕ್ಕೆ ನಾಚಿಕೆಯಾಗುತ್ತಿತ್ತು. ಆದರೂ ಕೇಳುತ್ತಿದ್ದೆ.

ರಾಯಚೂರಿನಲ್ಲಿ ಮಗಳು ಹೋಗುವ ವಿಶೇಷ ಶಾಲೆಯ ಟೀಚರು ಒಂದು ದಿನ ನನ್ನನ್ನು ಕರೆದು, ನಮ್ಮ ಮಕ್ಕಳಿಗಾಗಿಯೇ ನಾಟಕ ಮಾಡುವ ತಂಡ ಬರುತ್ತಿದೆ ಎಂದರು.

“ಒಂದು ಆಟಕ್ಕ ಆರೇ ಮಂದಿ ನೋಡೋರು. ಬರೇ ನೋಡೂದಲ್ರೀ, ಮುಟ್ಟೂದು, ಮೂಸೂದು, ಕೇಳೂದು, ಎಲ್ಲಾ ಅದ. ಜೋರು ಬೆಳಕಿಲ್ಲ, ಮೈಕಿಲ್ಲ.”

“ಬಾಗಿಲು ಯಾವ ಕಡಿ ಅದರೀ?” ಎಂದೆ.

“ಅದ್ಯಾಕ ಮೊದಲ ಬಾಗಿಲಾ ಕೇಳ್ತೀರಿ?”

“ನಾವು ನೋಡೂದು ಅದನ್ನ ರೀ.”

ಟೀಚರು ನಕ್ಕರು. ಬಾಗಿಲು ತೆರೆದೇ ಇರುತ್ತದಂತೆ. ಎದ್ದು ಹೋಗಬಹುದು, ಮತ್ತೆ ಬರಬಹುದು, ಮಲಗಬಹುದು, ಕೂಗಬಹುದು. ತಾಯಂದಿರಿಗೆ ಮಾತ್ರ ಒಂದು ನಿಯಮ: ಯಾರೂ ತಮ್ಮ ಮಕ್ಕಳಿಗೆ ‘ಸುಮ್ಮ ಕುಂದ್ರು’ ಅನ್ನಬಾರದು. ಹತ್ತೊಂಬತ್ತು ವರ್ಷಗಳಲ್ಲಿ ನಾನು ದೇವರ ನಾಮಕ್ಕಿಂತ ಹೆಚ್ಚು ಸಲ ಅಂದ ಮಾತು ಅದು.

ಆಟಕ್ಕೆ ಎರಡು ವಾರ ಮುಂಚೆ ತಂಡದ ಇಬ್ಬರು ನಮ್ಮ ಮನೆಗೆ ಬಂದರು. ಮಗಳಿಗೆ ಏನು ಸೇರುತ್ತದೆ, ಏನು ಸೇರುವುದಿಲ್ಲ ಎಂದು ಕೇಳಿ ಬರೆದುಕೊಂಡು ಅದರಂತೆ ಆಟ ಕಟ್ಟುವುದು ಅವರ ಪದ್ಧತಿ. ಒಬ್ಬಳು ಎತ್ತರದ ನಟಿ, ಧಾರವಾಡದ ಕಡೆಯವಳು, ತಂಡಕ್ಕೆ ಅವಳೇ ಮುಖ್ಯಸ್ಥೆ. ಇನ್ನೊಬ್ಬ ಗಡ್ಡದ ನಟ, ಇಸ್ತ್ರಿ ಮಾಡಿದ ಜುಬ್ಬಾ ತೊಟ್ಟಿದ್ದ.

ಬೆಳೆದ ಮಗಳಿರುವ ಮನೆ. ಇಸ್ತ್ರಿ ಜುಬ್ಬಾ ತೊಟ್ಟ ಗಂಡಸು, ಕೈಯಲ್ಲಿ ನೋಟ್‌ಬುಕ್ ಹಿಡಿದ ಹೆಂಗಸು. ನಾನು ಬೆಳಿಗ್ಗೆಯೇ ಉಪ್ಪಿಟ್ಟು, ಶಿರಾ ಮಾಡಿಟ್ಟಿದ್ದೆ. ಮಗಳಿಗೆ ಹೊಸ ಚೂಡಿದಾರ್ ತೊಡಿಸಿದ್ದೆ. ನನ್ನ ಗಂಡ ಯಾರೂ ಹೇಳದೆಯೇ ಕ್ಷೌರ ಮಾಡಿಕೊಂಡು ಬಂದಿದ್ದರು. ಚಹಾದ ಲೋಟ ತರಲು ಒಳಗೆ ಹೋದಾಗ ಹಿತ್ತಲಿನ ಗೋಡೆಯ ಮೇಲೆ ಪಕ್ಕದ ಮನೆಯವರ ತಲೆ ಕಾಣಿಸಿತು.

“ಹುಡುಗ ಚೊಲೋ ಅದಾನ್ರೀ. ಏನು ಮಾಡ್ತಾನ?”

“ನಾಟಕ ಮಾಡ್ತಾನ್ರೀ.”

“ಅದು ಎಲ್ಲಾ ಗಂಡಸರೂ ಮಾಡ್ತಾರ ಬಿಡ್ರಿ. ಕೆಲಸ ಏನು?”

ನಗು ಬಂದರೂ, ಆ ಮಾತು ನನ್ನ ತಲೆಯಲ್ಲಿ ಕೂತುಬಿಟ್ಟಿತೋ ಏನೋ. ಹೊರಗೆ ಬಂದು ಕೂತಾಗ ನಟಿ ನೋಟ್‌ಬುಕ್ ತೆರೆದು, “ಅಕ್ಕಾರ, ಈಕಿಗೆ ಯಾವ ವಾಸನಿ ಅಂದ್ರ ಭಾಳ ಇಷ್ಟ?” ಎಂದಳು.

“ಮಲ್ಲಿಗಿ,” ಎಂದೆ. ನನ್ನ ಬಾಯಿಂದ ತಾನೇ ಬಂತು.

“ಮತ್ತ?”

“ಗಂಧ. ಊದಿನಕಡ್ಡಿ.”

“ಯಾವ ಸಪ್ಪಳ ಸೇರ್ತದರೀ?”

“ಭಜನಿ ಹಾಡಿದ್ರ ಸುಮ್ಮ ಕುಂತು ಕೇಳ್ತಾಳ.”

“ಮುಟ್ಟಾಕ?”

“ರೇಷ್ಮಿ.”

“ಆಗಲಾರದ್ದು ಏನೇನು?”

“ಹಂಗೇನಿಲ್ರೀ. ಎಲ್ಲಾದಕ್ಕೂ ಹೊಂದ್ಕೋತಾಳ.”

ಮೂಲೆಯಲ್ಲಿ ಕೂತಿದ್ದ ನನ್ನ ಗಂಡನಿಗೆ ಕೆಮ್ಮು ಹತ್ತಿತು. ನೀರು ಕೊಟ್ಟರೂ ನಿಲ್ಲಲಿಲ್ಲ.

ನಮ್ಮ ಕಡೆ ಯಾರಾದರೂ ಮನೆಗೆ ಬಂದು ಹುಡುಗಿಯ ಬಗ್ಗೆ ಕೇಳಿದರೆ ಉತ್ತರ ಒಂದೇ ಬಗೆಯದು. ಅದನ್ನು ನನ್ನ ತಾಯಿ ನನ್ನ ಬಗ್ಗೆ ಹೇಳಿದ್ದಳು, ಅವಳ ತಾಯಿ ಅವಳ ಬಗ್ಗೆ ಹೇಳಿದ್ದಳು. ನಾನೂ ಹೇಳಿದೆ. ನಿಜ ಏನೆಂದರೆ, ಮಲ್ಲಿಗೆ ಮಾಲೆ ತಂದರೆ ನನ್ನ ಮಗಳು ಅದನ್ನು ಕಿಟಕಿಯಿಂದ ಎಸೆಯುತ್ತಾಳೆ. ಊದಿನಕಡ್ಡಿ ಹಚ್ಚಿದರೆ ಮೂಗು ಹಿಡಿದುಕೊಂಡು ಮಾಳಿಗೆ ಏರುತ್ತಾಳೆ. ಅವಳಿಗೆ ಜಗತ್ತಿನಲ್ಲಿ ಎಲ್ಲಕ್ಕಿಂತ ಪ್ರೀತಿಯ ವಾಸನೆ ಕುರಿಯದು. ನನ್ನ ಗಂಡನ ಮನೆಯವರು ದೇವದುರ್ಗದ ಹತ್ತಿರದ ಊರಿನವರು, ಕುರಿ ಕಾಯುವವರು. ಅಲ್ಲಿ ನನ್ನ ಅತ್ತೆಯ ಬಳಿ ತಮ್ಮ ಹಿಂಡಿನ ಉಣ್ಣೆಯಿಂದಲೇ ನೇಯಿಸಿದ ಕರಿ ಕಂಬಳಿಯೊಂದಿದೆ. ಅದು ನೀರು ಕಂಡದ್ದು ಮಳೆಯಲ್ಲಿ ಮಾತ್ರ. ಊರಿಗೆ ಹೋದಾಗ ಮಗಳು ಅದನ್ನು ತಲೆಯ ಮೇಲೆ ಎಳೆದುಕೊಂಡು, ಒಳಗೇ ಗುನುಗುತ್ತಾ ಮಧ್ಯಾಹ್ನವಿಡೀ ಕೂರುತ್ತಾಳೆ. ಇಸ್ತ್ರಿ ಜುಬ್ಬಾದವರ ಮುಂದೆ ಇದನ್ನು ಹೇಗೆ ಹೇಳುವುದು?

ಆಟದ ದಿನ ಶಾಲೆಯ ಸಭಾಂಗಣದ ನಡುವೆ ಬಿಳಿ ಬಟ್ಟೆಯ ಡೇರೆ ಕಟ್ಟಿದ್ದರು. ಒಳಗೆ ಆರು ದಿಂಬು, ಹಿಂದೆ ತಾಯಂದಿರಿಗೆ ಚಾಪೆ. ಕಾಲಿಟ್ಟು ನೋಡಿದೆ. ಡೇರೆಯ ತುಂಬ ಮಲ್ಲಿಗೆ! ಮೇಲಿನಿಂದ ಮಾಲೆ, ಕೆಳಗೆ ಬುಟ್ಟಿ. ಗಂಧದ ಹೊಗೆ. ಮೆತ್ತಗೆ ಭಜನೆ. ಕೈಗೆ ರೇಷ್ಮೆ. ನನ್ನೊಬ್ಬಳ ಮಾತಿಗೆ ಇಷ್ಟೊಂದು ಮಲ್ಲಿಗೆ ಯಾಕೆ ತಂದರು ಎಂದು ಉಳಿದ ಐವರು ತಾಯಂದಿರ ಮುಖ ನೋಡಿದೆ. ಅವರೆಲ್ಲ ಚಾಪೆಯ ಅಂಚು ಕೀಳುತ್ತಿದ್ದರು. ಆರೂ ಮನೆಯಲ್ಲಿ ಅದೇ ಉಪ್ಪಿಟ್ಟು, ಅದೇ ಶಿರಾ, ಅದೇ ಉತ್ತರ.

ನಟಿ ಮಂಡಿಯೂರಿ ಒಬ್ಬೊಬ್ಬರ ಮುಂದೆಯೂ ಕೂತು ಅವರವರ ಹೆಸರನ್ನೇ ಹಾಡಿದಳು. ನನ್ನ ಮಗಳು ತನ್ನ ಹೆಸರು ಕೇಳಿ ಕತ್ತು ವಾರೆ ಮಾಡಿ ನೋಡಿದಳು. ಆಯಿತು, ಹಿಡಿಸಿತು ಎಂದುಕೊಂಡೆ. ಅಷ್ಟರಲ್ಲಿ ಹೂವಿನ ಬುಟ್ಟಿ ಹತ್ತಿರ ಬಂತು.

“ಮನಿ.”

ಎರಡನೆಯದಕ್ಕೆ ನಾನು ಕಾಯಲಿಲ್ಲ. ನಮ್ಮ ಹಿಂದೆಯೇ ಸಿರವಾರದ ತಾಯಿಯೊಬ್ಬರು ಮೂವತ್ತು ವರ್ಷದ ಮಗನನ್ನು ಹಿಡಿದುಕೊಂಡು ಬಂದರು. ಆಮೇಲೆ ಚಂದ್ರಬಂಡದ ತಾಯಿ, ಮಗಳು. ಹತ್ತು ನಿಮಿಷದಲ್ಲಿ ಡೇರೆಯಲ್ಲಿ ಉಳಿದವಳು ಒಬ್ಬಳೇ, ಅವಳು ನಿದ್ದೆ ಹೋಗಿದ್ದಳು.

ಹೊರಗೆ ಮೆಟ್ಟಿಲ ಮೇಲೆ ನಟಿ ತಲೆಯ ಮೇಲೆ ಕೈ ಹೊತ್ತು ಕೂತಿದ್ದಳು. “ನಮ್ದ ತಪ್ಪಾತ್ರಿ ಅಕ್ಕಾರ. ನಮಗ ಕಟ್ಟಾಕ ಬರಲಿಲ್ಲ. ಇನ್ನ ಮಾನ್ವಿಯೊಳಗ ಒಂದ ಆಟ ಅದ. ಅದನ್ನ ಮುಗಿಸಿ ಹೋಗಿಬಿಡ್ತೀವಿ.”

ಒಂದೇ ಆಟ. ನಾನು ಇಷ್ಟು ವರ್ಷ ಕೇಳಿದ್ದನ್ನು ದೇವರು ಮನೆ ಬಾಗಿಲಿಗೆ ಕಳಿಸಿದ್ದ. ನಾನು ಅದಕ್ಕೆ ಮಲ್ಲಿಗೆ ಮುಡಿಸಿ ಓಡಿಸಿದ್ದೆ. ಮೇಲಾಗಿ ಆ ಹುಡುಗಿ ತಪ್ಪನ್ನು ತನ್ನ ಮೇಲೆ ಹಾಕಿಕೊಂಡು ಕಣ್ಣು ಒರೆಸುತ್ತಿದ್ದಳು. ದಿನಾ ದೀಪ ಹಚ್ಚುವ ಕೈ ಸುಮ್ಮನಿರಲಿಲ್ಲ, ಅವಳ ಭುಜ ಮುಟ್ಟಿದೆ.

“ಯವ್ವಾ, ನಿಂದೇನೂ ತಪ್ಪಿಲ್ಲ. ಮಲ್ಲಿಗಿ ಕಂಡ್ರ ಆಗಂಗಿಲ್ಲ ನನ್ನ ಮಗಳಿಗೆ.”

“ಮತ್ತ ನೀವ ಬರೆಸಿದ್ರಲ್ಲರೀ?”

“ಬರೆಸಿದೆ.”

“ಯಾಕ್ರೀ?”

“ಹೆಣ್ಣು ನೋಡಾಕ ಬಂದವರಂಗ ಕುಂತಿದ್ರಿ ನೀವು! ಏನಂತ ಹೇಳ್ಲಿ? ಆಕಿಗೆ ಕುರಿ ನಾತ ಅಂದ್ರ ಜೀವ.”

ನನ್ನ ಬೆನ್ನ ಹಿಂದೆ ಸಿರವಾರದ ತಾಯಿ ಗಂಟಲು ಸರಿಮಾಡಿಕೊಂಡರು. “ನನ್ನ ಮಗಗ ಅಕ್ಕಿ ಗಿರಣಿ ಸಪ್ಪಳ ಬೇಕ್ರಿ. ಬಿಸಿ ತೌಡು ಮೂಸ್ತಾನ. ಭಜನಿ ಅಲ್ಲ.” ಚಂದ್ರಬಂಡದವರು ಸೆರಗಿನಲ್ಲಿ ಮುಖ ಮುಚ್ಚಿಕೊಂಡು, “ನಮ್ಮಕಿಗೆ ಹೊಸಾ ಚಪ್ಪಲ್ರೀ. ಅಂಗಡ್ಯಾಗ ಕುಂತು ಎಲ್ಲಾ ಜೋಡೂ ಮೂಸ್ತಾಳ. ಅಂಗಡಿಯವ ಬೈತಾನ,” ಎಂದರು.

ನಟಿಗೆ ಮೊದಲು ಸಣ್ಣಗೆ ನಗು ಹತ್ತಿತು, ಆಮೇಲೆ ಅದು ನಿಲ್ಲಲೇ ಇಲ್ಲ. ಗಡ್ಡದವನನ್ನು ಕೂಗಿ ನೋಟ್‌ಬುಕ್ ತರಿಸಿ, ಹಳೆಯ ಹಾಳೆಗಳನ್ನೆಲ್ಲ ಹರಿದು, “ಮಾನ್ವಿ ಆಟ ನಿಮಗ ಕಟ್ತೀವಿ, ಆರೂ ಮಂದಿ ಬರ್ರಿ. ಈಗ ಹೇಳ್ರಿ, ಖರೇ ಖರೇ,” ಎಂದಳು. ಅಂದು ಆ ಮೆಟ್ಟಿಲ ಮೇಲೆ ನಾವು ಆರು ಹೆಂಗಸರು ನಮ್ಮ ಮಕ್ಕಳ ಬಗ್ಗೆ ಹೇಳಿದಷ್ಟು ನಿಜವನ್ನು ನಮ್ಮ ನಮ್ಮ ತವರುಮನೆಯಲ್ಲೂ ಹೇಳಿರಲಿಲ್ಲ. ಅದನ್ನೂ ದೇವರ ದಯೆ ಎಂದೇ ತಿಳಿದಿದ್ದೇನೆ, ಸ್ವಲ್ಪ ತಡವಾಗಿ ಬಂದದ್ದು ಅಷ್ಟೇ.

ಮರುದಿನವೇ ದೇವದುರ್ಗದ ಬಸ್ಸು ಹತ್ತಿದೆ. ಅತ್ತೆ ಅಂಗಳದಲ್ಲಿ ಕೂತು ಕುರಿಮರಿಯ ಕಾಲಿಗೆ ಎಣ್ಣೆ ಹಚ್ಚುತ್ತಿದ್ದರು. ಕಂಬಳಿ ಬೇಕು, ನಾಟಕಕ್ಕೆ ಎಂದೆ.

“ನಾಟಕಕ್ಕ ನನ್ನ ಕಂಬಳಿ ಯಾಕಬೇ? ರಾಜನ ಪಾರ್ಟಿನವ ಹೊತ್ಕೋತಾನೇನು?”

“ಇಲ್ಲತ್ತಿ. ನಿಮ್ಮ ಮೊಮ್ಮಗಳು ಮೂಸ್ತಾಳ.”

“ಮೂಸಿ?”

“ಮೂಸಿ... ಅಷ್ಟ.”

“ಕುಣಿಯೂದಿಲ್ಲ? ಖಳನಾಯಕ ಇಲ್ಲ? ಅಳೂದಿಲ್ಲ?”

“ಇಲ್ಲ.”

“ಇದೆಂಥಾ ನಾಟಕಲೇ ಯವ್ವಾ! ಮೂಸೂ ನಾಟಕ!” ಎಂದು ಅತ್ತೆ ಕುರಿಮರಿಯನ್ನು ಕೆಳಗೆ ಬಿಟ್ಟರು. “ಆ ಕಂಬಳಿ ಮ್ಯಾಲ ದೇವರು ಕುಂದರ್ತಾನ. ಅದೊಂದನ್ನ ಕಳಿಸಾಕ ಬರಂಗಿಲ್ಲ. ನಾನೂ ಬರ್ತೀನಿ.”

ನಮ್ಮ ಮನೆದೇವರಿಗೆ ಹಬ್ಬದ ದಿನ ಗದ್ದಿಗೆ ಹಾಕುವುದು ಕಂಬಳಿಯ ಮೇಲೆಯೇ. ಅದರ ಮೇಲೆ ಅರಿಶಿನದ ಭಂಡಾರ ಹಾರಿಸಿದ ಮೇಲೆಯೇ ಉಳಿದದ್ದು. ಹಾಗಾಗಿ ಕಂಬಳಿಯ ಜತೆ ಅತ್ತೆಯೂ, ಅತ್ತೆಯ ಸೊಂಟದ ಸಂಚಿಯೂ ರಾಯಚೂರಿಗೆ ಬಂದವು. ಕಂಬಳಿಯನ್ನು ಮಾಳಿಗೆಯ ಬಿಸಿಲಿಗೆ ಹಾಕುವ ನೆವದಲ್ಲಿ ನಾನು ಸೋಪಿನ ಪುಡಿ ಕದಡಿದ ಬಕೆಟ್ ಒಯ್ದದ್ದೂ ನಿಜ. ಹತ್ತು ಜನರ ನಡುವೆ ಇಡುವ ವಸ್ತು, ಒಂದು ಸಲ ನೆನೆಸಿದರೆ ಏನಾದೀತು ಎನ್ನಿಸಿತು. ಹೋಗಿ ನೋಡಿದರೆ ಮಗಳು ಅದರ ಮೇಲೆ ಅಂಗಾತ ಮಲಗಿ ಮೋಡ ನೋಡುತ್ತಿದ್ದಳು. ಬಕೆಟ್ಟಿನ ನೀರಿನಿಂದ ಮೆಟ್ಟಿಲು ತೊಳೆದು ಬಂದೆ.

ಮಾನ್ವಿಯ ಬಸ್ಸಿನಲ್ಲಿ ಕಂಬಳಿ ಅತ್ತೆಯ ತೊಡೆಯ ಮೇಲಿತ್ತು. ಮುಂದಿನ ಸೀಟಿನವರು ಎರಡು ಸಲ ಹಿಂದೆ ತಿರುಗಿ ನೋಡಿ ಕಿಟಕಿ ತೆಗೆದರು. “ಗಾಳಿ ಬೇಕಾತೇನಪಾ?” ಎಂದು ಅತ್ತೆ ಪ್ರೀತಿಯಿಂದ ಕೇಳಿದರು. ಹೊರಗೆ ಕಾಲುವೆ ನೀರಿನ ಗದ್ದೆಗಳು ಹಸಿರಾಗಿದ್ದವು. ನಾನು ಒಳಗೊಳಗೇ ಜಪ ಮಾಡುತ್ತಿದ್ದೆ. ಇದು ಕೊನೆಯ ಆಟ. ಇಂದು ಎದ್ದು ಬಂದರೆ ಮತ್ತೆ ಎಲ್ಲಿ, ಯಾರು?

ಮಾನ್ವಿಯ ಸಭಾಂಗಣದಲ್ಲಿ ಈ ಸಲ ಡೇರೆ ಮಣ್ಣಿನ ಬಣ್ಣದ್ದು. ಅದೇ ಆರು ಜನ, ಅದೇ ಆರು ತಾಯಂದಿರು, ಮೇಲೆ ನನ್ನ ಅತ್ತೆ. ಒಂದು ಎಸಳು ಹೂವಿಲ್ಲ. ಗಡ್ಡದವನು ದಿಮ್ಮಿಯ ಮೇಲೆ ಚರ್ಮದ ಪಟ್ಟಿ ಬಡಿದು ಗಿರಣಿಯ ಸಪ್ಪಳ ಎಬ್ಬಿಸಿದ, ಧಡ್ ಧಡ್ ಧಡ್. ಸಿರವಾರದ ಮಗನ ಕೈಗೆ ಬಿಸಿ ತೌಡಿನ ಗಂಟು ಬಂತು. ಆ ಮೂವತ್ತು ವರ್ಷದ ಗಂಡಸು ಅದನ್ನು ಕೆನ್ನೆಗೆ ಒತ್ತಿಕೊಂಡು ತೂಗಾಡತೊಡಗಿದ. ನಟನೂ ಅವನು ತೂಗಾಡಿದಂತೆಯೇ ತೂಗಾಡಿದ. ಮೊರದಿಂದ ಭತ್ತ ಸುರಿಯಿತು, ಒಬ್ಬೊಬ್ಬರ ಅಂಗೈಯ ಮೇಲೆ, ಬೆರಳುಗಳ ಸಂದಿಯಲ್ಲಿ. ಚಂದ್ರಬಂಡದ ಹುಡುಗಿಗೆ ಹೊಸ ಚಪ್ಪಲಿಯ ಡಬ್ಬಿ ಸಿಕ್ಕಿತು. ಆಮೇಲೆ ಅವಳು ಯಾರ ಕಡೆಗೂ ನೋಡಲಿಲ್ಲ.

ಮಳೆ ಬರುವ ಭಾಗದಲ್ಲಿ ನಟಿ ಪಿಚಕಾರಿಯಿಂದ ನೀರು ಸಿಂಪಡಿಸುತ್ತಾ ಬಂದಳು. ಹಿಂದಿನಿಂದ ಒಂದು ಕೈ ಚಾಚಿತು. ನನ್ನ ಅತ್ತೆ ಅಂಗೈ ಗುಳಿ ಮಾಡಿ, ಮಳೆಯನ್ನು ಹಿಡಿದು, ತೀರ್ಥದಂತೆ ಕುಡಿದು, ಉಳಿದದ್ದನ್ನು ತಲೆಗೆ ಸವರಿಕೊಂಡರು. ಅವರನ್ನು ನೋಡಿ ಸಿರವಾರದ ತಾಯಿಯೂ ಕೈ ಒಡ್ಡಿದರು. ನಟಿ ಒಂದು ಗಳಿಗೆ ತಬ್ಬಿಬ್ಬಾದಳು, ಆಮೇಲೆ ಗಂಭೀರವಾಗಿ ಎಲ್ಲ ತಾಯಂದಿರಿಗೂ ಒಂದೊಂದು ಸಲ ಸಿಂಪಡಿಸಿದಳು.

ನನ್ನ ಮಗಳು ಇನ್ನೂ ದಿಂಬಿನ ಮೇಲಿದ್ದಳು.

ಆಗ ಕಂಬಳಿ ಬಂತು. ನಟಿ ಅದನ್ನು ನಿಧಾನವಾಗಿ ನಡುವೆ ಹಾಸಿದಳು. ಡೇರೆಯ ತುಂಬ ದೇವದುರ್ಗದ ಕುರಿಹಟ್ಟಿಯ ವಾಸನೆ. ಮಗಳು ಮೂಗರಳಿಸಿ, ಮೊಣಕಾಲ ಮೇಲೆ ಸರಿದು, ಕಂಬಳಿಯ ಅಂಚಿಗೆ ಬಂದು ಗುನುಗತೊಡಗಿದಳು. ನಟಿಯೂ ಅದೇ ಗುನುಗನ್ನು ಹಿಡಿದಳು. ಎಲ್ಲವೂ ಬರೋಬ್ಬರಿ ನಡೆಯುತ್ತಿತ್ತು. ಆದರೆ ನನ್ನ ಅತ್ತೆ ಹುಟ್ಟಿದಾಗಿನಿಂದ, ಹತ್ತು ಜನರ ನಡುವೆ ಕಂಬಳಿ ಹಾಸಿದ್ದನ್ನು ನೋಡಿ ಸುಮ್ಮನೆ ಕೂತವರಲ್ಲ. ಸಂಚಿಯ ದಾರ ಬಿಚ್ಚಿದ್ದು ನನಗೆ ಕಂಡಿತು. ಕೈ ಹಿಡಿಯಬೇಕೆಂದು ಮುಂದೆ ಬಾಗಿದೆ, ತಡವಾಗಿತ್ತು.

“ಏಳುಕೋಟಿ!” ಎಂದು ಮನೆದೇವರ ಜಯಕಾರ ಕೂಗಿ ಅತ್ತೆ ಮುಷ್ಟಿ ತುಂಬ ಭಂಡಾರ ಹಾರಿಸಿದರು.

ಡೇರೆಯೆಲ್ಲ ಹಳದಿ. ಕಂಬಳಿ, ದಿಂಬು, ಗಡ್ಡ, ಎಲ್ಲ ಹಳದಿ. ಮೆತ್ತಗಿನ ಆಟ, ಮೈಕಿಲ್ಲದ ಆಟ, ಅದರ ನಡುವೆ ನನ್ನ ಅತ್ತೆಯ ಆ ಕೂಗು! ಮಗಳು ಎರಡೂ ಕಿವಿ ಮುಚ್ಚಿಕೊಂಡಳು. ಮುಗಿಯಿತು ಎಂದು ನಾನು ಕಾಲಿನಿಂದ ಚಪ್ಪಲಿ ಹುಡುಕತೊಡಗಿದೆ. ಮಗಳ ಬಾಯಿ ತೆರೆಯಿತು. “ಮ—” ಅನ್ನುವಷ್ಟರಲ್ಲಿ ನಟಿ ಸೀನಿದಳು.

ಅಂಥ ಸೀನನ್ನು ನಾನು ಜನ್ಮದಲ್ಲಿ ಕೇಳಿಲ್ಲ. ಅಷ್ಟೆತ್ತರದ ಹೆಣ್ಣುಮಗಳು ಇಡೀ ಮೈ ಮಡಚಿ ಸೀನಿದಳು. ಮಗಳ ಬಾಯಿ ಹಾಗೆಯೇ ನಿಂತಿತು. ಕಿವಿಯ ಮೇಲಿನ ಕೈ ಒಂದು ಬೆರಳಷ್ಟು ಸಡಿಲವಾಯಿತು. ನಟಿ ಮತ್ತೊಮ್ಮೆ ಸೀನಿದಳು. ಮಗಳು ನಕ್ಕಳು. ಮನೆಯಲ್ಲಿ ಒಬ್ಬಳೇ ಇದ್ದಾಗ ನಗುವ ನಗು ಅದು, ಜನರ ನಡುವೆ ನಾನು ಕೇಳಿದ್ದು ಅದೇ ಮೊದಲು. ಸಿರವಾರದ ಮಗ ತೌಡಿನ ಗಂಟು ಕೆಳಗಿಟ್ಟು, “ಆಕ್ಷೀ” ಎಂದ. ಗಡ್ಡದವನು ದಿಮ್ಮಿಯ ಮೇಲೆ ಅದಕ್ಕೆ ತಾಳ ಕೊಟ್ಟ. ನೋಡುವವರು ಆಟವನ್ನು ಎತ್ತ ಒಯ್ದರೆ ಅತ್ತ ಹೋಗುವುದು ಅವರ ಪದ್ಧತಿಯಂತೆ. ಹೋದರು. ಹತ್ತು ನಿಮಿಷ ಮಾನ್ವಿಯ ಆ ಸಭಾಂಗಣದಲ್ಲಿ ಸೀನಿನ ನಾಟಕ ನಡೆಯಿತು. ಅತ್ತೆ ಮಾತ್ರ, “ದೇವರ ಕೆಲಸಕ್ಕ ಯಾಕ ನಗ್ತಾರಬೇ?” ಎಂದು ನನ್ನನ್ನು ತಿವಿಯುತ್ತಿದ್ದರು.

ಕೊನೆಗೆ ನಟಿ ಮತ್ತೆ ಒಬ್ಬೊಬ್ಬರ ಮುಂದೆಯೂ ಕೂತು ಅವರವರ ಹೆಸರು ಹಾಡಿ ಬೀಳ್ಕೊಟ್ಟಳು. ಚಪ್ಪಾಳೆ ಸಪ್ಪಳವಾಗುತ್ತದೆಂದು ಎಲ್ಲರೂ ಎರಡೂ ಕೈ ಮೇಲೆತ್ತಿ ಆಡಿಸಿದರು. ನಾನು ಸುಮ್ಮನೆ ಕೂತಿದ್ದೆ. ಒಂದು ಆಟ ಮುಗಿದಾಗ ಏನು ಮಾಡಬೇಕು ಎಂಬುದೇ ನನಗೆ ಮರೆತುಹೋಗಿತ್ತು.

“ಮುಗೀತೇನು?” ಎಂದರು ಅತ್ತೆ.

“ಮುಗೀತ್ರೀ.”

“ಊಟ ಎಲ್ಲಿ?”

ಊಟ ಇರಲಿಲ್ಲ. ಸಿರವಾರದವರು ಹೋದರು, ಚಂದ್ರಬಂಡದವರು ಚಪ್ಪಲಿ ಡಬ್ಬಿಯ ಸಮೇತ ಹೋದರು. ನನ್ನ ಮಗಳು ಮಾತ್ರ ಕಂಬಳಿಯೊಳಗೆ ಹೊಕ್ಕು ಕೂತವಳು ಏಳಲಿಲ್ಲ. ನಟ ಡೇರೆಯ ಹಗ್ಗ ಬಿಚ್ಚಿದ. ಏಳಲಿಲ್ಲ. ಡೇರೆ ಇಳಿಯಿತು. ಏಳಲಿಲ್ಲ. “ಎಬ್ಬಿಸಬೇ, ಬಸ್ಸು ಹೋಗ್ತದ,” ಎಂದರು ಅತ್ತೆ.

“ಹೋಗ್ಲಿ ಬಿಡ್ರಿ ಅತ್ತಿ,” ಎಂದು ನಾನೂ ಕಂಬಳಿಯ ಅಂಚಿನಲ್ಲಿ ಕೂತೆ. ವಾಸನೆ ಅಷ್ಟೇನೂ ಕೆಟ್ಟದ್ದಲ್ಲ. ಸ್ವಲ್ಪ ಹೊತ್ತಿನ ಮೇಲೆ ಅತ್ತೆಯೂ ಕೂತರು. ನಟಿ ಕೂತು ತನ್ನ ಡಬ್ಬಿಯ ಚಪಾತಿ ನಾಲ್ಕು ಪಾಲು ಮಾಡಿದಳು.

ಬೀಗದಕೈ ಗೊಂಚಲು ಹಿಡಿದು ಸಭಾಂಗಣದ ಕಾವಲುಗಾರರು ಬಂದರು. ವಯಸ್ಸಾದವರು, ಸಿಟ್ಟಿನವರು.

“ಏನ್ರವ್ವಾ, ಎಲ್ಲಾರೂ ಹೋದ್ರು, ನೀವೊಬ್ಬರ ಹಿಂಗ ಕುಂತ್ರ ಹ್ಯಾಂಗ? ಎಷ್ಟೊತ್ತು ಅಂತ ಕುಂದರ್ತೀರಿ? ಮನಿಮಾರು ಇಲ್ಲೇನು ನಿಮಗ?”

ನನ್ನನ್ನೂ ಮಗಳನ್ನೂ ಬೈದವರು ಬಹಳ ಜನ. ಅವರೆಲ್ಲ ಬೈದದ್ದು ಹೋಗಿರಿ, ಕರೆದುಕೊಂಡು ಹೋಗಿರಿ, ಯಾಕೆ ತಂದಿರಿ ಎಂದು. ಎಷ್ಟೊತ್ತಾದರೂ ಏಳುವುದಿಲ್ಲವಲ್ಲ ಎಂದು ಬೈದವರು ಈ ಭೂಮಿಯ ಮೇಲೆ ಇವರೊಬ್ಬರೇ. ನಾನು ಎದ್ದು ಅವರಿಗೆ ಕೈ ಮುಗಿದೆ.

“ಯಪ್ಪಾ, ಇನ್ನೊಂದು ಸಲ ಅನ್ರಿ.”

“ಏನಂತ?”

“ಅದ, ಎಷ್ಟೊತ್ತು ಕುಂದರ್ತೀರಿ ಅಂತ.”

ಅವರು ನನ್ನ ಮುಖ ನೋಡಿದರು, ಹಳದಿ ಹಿಡಿದ ನನ್ನ ಅತ್ತೆಯ ಮುಖ ನೋಡಿದರು, ಕಂಬಳಿಯೊಳಗಿನ ಗುನುಗು ಕೇಳಿದರು. ಆಮೇಲೆ ಗೊಂಚಲನ್ನು ಜೇಬಿಗೆ ಹಾಕಿಕೊಂಡು, “ಚಾ ಕುಡದು ಬರ್ತೀನಿ, ಅಷ್ಟ್ರಾಗ ಏಳ್ರಿ,” ಎಂದು ಹೊರಗೆ ಹೋದರು. ಅವರು ಎರಡು ಚಹಾ ಕುಡಿದು ಬರುವವರೆಗೂ ನಾವು ಕೂತಿದ್ದೆವು.